ಹಸಿ ಗಿಲಾವಿನ ಗೋಡೆ

"ನಮ್ಮ ಮನೆಯವ್ರನ್ನ ಪೊಲೀಸ್ನೋರು ಎಳ್ಕೊಂಡು ಹೋದ್ರು ಸಾರ್. ಯಜ್ಞನಾರಾಯಣ ಅವ್ರನ್ನ ಕೊಲೆ ಮಾಡಿದಾರಂತೆ," ಎಂದು ವೆಂಕಟಾಚಲರ ಮನೆ ಬಾಗಿಲಲ್ಲೇ ಕುಸಿದು ಕೂತವಳು ಗಾರೆ ಮೇಸ್ತ್ರಿ ಕಲೀಮುಲ್ಲಾನ ಹೆಂಡತಿ ಉಮ್ಮೆ ಕುಲ್ಸುಂ. "ನೀವು ಕೈಬಿಟ್ರೆ ನೇಣಿಗೆ ಹಾಕ್ಬಿಡ್ತಾರೆ."

ಸುಬ್ಬಲಕ್ಷ್ಮಿ ಅಡುಗೆಮನೆಯಿಂದ ಬಾಗಿಲಿಗೆ ಓಡಿ ಬಂದಳು. ಸತ್ತವರು ಯಜ್ಞನಾರಾಯಣ, ಅವರ ಹೆಂಡತಿ ಸೀತಾಲಕ್ಷ್ಮಿ ಅವಳ ಜೀವದ ಗೆಳತಿ. ನಿನ್ನೆ ತಾನೇ ಇಬ್ಬರೂ ಹಲಸೂರಿಗೆ ಹೋಗಿ, ಸೀತಾಲಕ್ಷ್ಮಿಯವರು ಕಟ್ಟಿಸುತ್ತಿರುವ ಮನೆಗೆ ಪರದೆ ಬಟ್ಟೆ ಆರಿಸಿ ಬಂದಿದ್ದರು.

ಸುಬ್ಬಲಕ್ಷ್ಮಿಯ ಗಂಡ ವೆಂಕಟಾಚಲ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿದು ಹಿಡಿದೇ ನಿವೃತ್ತರಾದವರು. ದೊಮ್ಮಲೂರಿನಲ್ಲಿ ಕೋಳಿ ಕಳೆದರೂ ಜನ ಅವರ ಮನೆಗೇ ಬರುತ್ತಿದ್ದರು. ಅವರು ಹೋದಲ್ಲೆಲ್ಲ ಸುಬ್ಬಲಕ್ಷ್ಮಿಯೂ ಹೊರಡುತ್ತಿದ್ದಳು. ಗಂಡನಿಗೆ ಬುದ್ಧಿಯಿದೆ, ಲೋಕಜ್ಞಾನವಿಲ್ಲ ಎಂಬುದು ಅವಳ ಗಟ್ಟಿ ಅಭಿಪ್ರಾಯ.

ಇಂದಿರಾನಗರದಲ್ಲಿ ಆಗಿನ್ನೂ ಅಲ್ಲೊಂದು ಇಲ್ಲೊಂದು ಮನೆ ಏಳುತ್ತಿತ್ತು. ಯಜ್ಞನಾರಾಯಣರ ಸೈಟಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಅಂಜನಮೂರ್ತಿ ಕಾಯುತ್ತಿದ್ದ.

"ನಿನ್ನೆ ಸಂಜೆ ಈ ಹೊರಗೋಡೆಗೆ ಸಿಮೆಂಟ್ ಗಿಲಾವು ಮುಗಿಸಿದಾರೆ ಸಾರ್. ಮಟ್ಟ ಸರಿಯಿಲ್ಲ ಅಂತ ಯಜಮಾನ್ರು ಬೈದ್ರು, ಮೇಸ್ತ್ರಿ ತಿರುಗಿಬಿದ್ದ. ಎದುರುಮನೆಯವರು ಕೇಳಿಸ್ಕೊಂಡಿದಾರೆ. ತಾರಸಿಯಿಂದ ತಳ್ಳಿ ಮನೆಗೆ ಹೋಗಿದಾನೆ. ಇನ್ನೇನಿದೆ?"

ಸೀತಾಲಕ್ಷ್ಮಿ ಜಗಲಿಯ ಮೇಲೆ ಕಲ್ಲಾಗಿ ಕೂತಿದ್ದಳು. "ಕಾವಲಿಗೆ ಅಂತ ರಾತ್ರಿ ಇಲ್ಲೇ ಮಲಗ್ತಿದ್ರು. ಬೆಳಗ್ಗೆ ಕಾಫಿ ತಂದೆ. ಗೋಡೆ ಕೆಳಗೆ ಬಿದ್ದಿದ್ರು. ಹಾಗೇ ಎದುರುಮನೆಗೆ ಓಡಿದೆ. ಒಳಗೆ ಕಾಲೂ ಇಡಲಿಲ್ಲ."

"ಬಾಗಿಲಿಗೆ ಬೀಗ ಇತ್ತು," ಎಂದ ಅಂಜನಮೂರ್ತಿ. "ಆಮೇಲೆ ಇವರೇ ತೆಗೆದುಕೊಟ್ರು. ಎರಡೇ ಕೀಲಿ. ಇನ್ನೊಂದು ಅವರ ಜೇಬಲ್ಲೇ ಸಿಕ್ತು."

ವೆಂಕಟಾಚಲ ಗೋಡೆಯ ಹತ್ತಿರ ಹೋದರು. ಗಿಲಾವು ಎಲ್ಲೂ ಕದಡಿರಲಿಲ್ಲ. ಮೇಲಿಂದ ಕೆಳಗಿನವರೆಗೆ ಒದ್ದೆಯಾಗಿತ್ತು. ಬುಡದ ಮಣ್ಣು ಕೆಸರಾಗಿತ್ತು. ಹೆಣವನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಅದು ಬಿದ್ದಿದ್ದ ಜಾಗ ಮಾತ್ರ ಆ ಕೆಸರಿನ ನಡುವೆ ತಲೆ, ಬೆನ್ನು, ಕಾಲುಗಳ ಆಕಾರದಲ್ಲಿ ಒಣಗಿಯೇ ಇತ್ತು. ಸುಬ್ಬಲಕ್ಷ್ಮಿ ಗೆಳತಿಯ ಪಕ್ಕ ಹೋಗಿ ಕೂತಳು.

ವೆಂಕಟಾಚಲರ ಮಾತಿನಂತೆ ಮಧ್ಯಾಹ್ನ ಎಲ್ಲರೂ ಆ ಮನೆಯ ಹಾಲಿನಲ್ಲಿ ಸೇರಿದರು. ಕಲೀಮುಲ್ಲಾನ ಕೈಗೆ ಬೇಡಿಯಿತ್ತು.

"ಮೇಸ್ತ್ರಿ, ಹೊಸ ಗಿಲಾವಿಗೆ ನೀರು ಯಾವಾಗ ಹಾಕ್ತೀರಿ?" ಎಂದರು ವೆಂಕಟಾಚಲ.

"ಮಾರನೇ ದಿನ ಬೆಳಗ್ಗೆ ಸಾರ್. ಅವತ್ತೇ ಹಾಕಿದ್ರೆ ತೊಳ್ಕೊಂಡು ಹೋಗುತ್ತೆ. ಹಾಕ್ದೇ ಬಿಟ್ರೆ ಬಿರುಕು ಬಿಡುತ್ತೆ."

"ಸೀತಾಲಕ್ಷ್ಮಿಯವರೇ, ಇವತ್ತು ಯಾರು ಹಾಕಿದ್ದು?"

"ಅವರೇ. ಬೀಳೋಕೆ ಮುಂಚೆ ಹಾಕಿರ್ಬೇಕು."

"ಹಾಗಿದ್ರೆ ಅವರು ಕೆಸರಿಗೆ ಬೀಳ್ಬೇಕಿತ್ತು. ಅವರ ಅಡಿಯ ನೆಲ ಒಣಗಿದೆ. ಅಂದ್ರೆ ಅವರು ಬಿದ್ದ ಮೇಲೇ ಯಾರೋ ತಾರಸಿಯಿಂದ ನೀರು ಸುರಿದಿದಾರೆ. ಗಿಲಾವು ತೊಳೆದುಹೋಗಿಲ್ಲ, ಹಾಗಾಗಿ ಅದು ನಿನ್ನೆ ಸಂಜೆ ಅಲ್ಲ, ಇವತ್ತು ಬೆಳಗ್ಗೆ. ಮೆಟ್ಟಿಲು ಮನೆ ಒಳಗಿದೆ, ನೀರಿನ ಡ್ರಮ್ಮೂ ಒಳಗಿದೆ. ಹೋಗುವಾಗ ಬೀಗ ಹಾಕಿದಾರೆ. ಒಂದು ಕೀಲಿ ಸತ್ತವರ ಜೇಬಲ್ಲಿತ್ತು." ವೆಂಕಟಾಚಲ ದನಿ ತಗ್ಗಿಸಿದರು. "ಹೊರಗಿನವನು ಕೊಂದಿದ್ರೆ ಓಡಿಹೋಗ್ತಿದ್ದ. ಕೆಳಗೆ ಹೆಣ ಕಾಣ್ತಿದ್ರೂ ಗೋಡೆ ಬಿರುಕು ಬಿಡಬಾರ್ದು ಅಂತ ನೀರು ಹಾಕೋರು, ಈ ಮನೇಲಿ ಬಾಳ್ಬೇಕು ಅಂತ ಇದ್ದೋರು."

"ರೀ, ಸುಮ್ನಿರಿ," ಎಂದಳು ಸುಬ್ಬಲಕ್ಷ್ಮಿ. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಗಂಡನ ಬುದ್ಧಿಯ ಮೇಲೆ ಅಸಹ್ಯ ಬಂತು. "ಯಾರ ಮೇಲೆ ಹೇಳ್ತಿದೀರಿ ಗೊತ್ತಾ? ಸೀತಾ, ಇಲ್ಲ ಅಂತ ಹೇಳೇ."

ಸೀತಾಲಕ್ಷ್ಮಿ ಗೆಳತಿಯ ಕಡೆ ತಿರುಗಿದಳು.

"ತಾರಸಿ ಅಂಚಲ್ಲಿ ಕಾಫಿ ಕುಡೀತಾ ಹೇಳಿದ್ರು ಸುಬ್ಬೂ, ಮನೆ ಮಾರೋಕೆ ಮಾತು ಕೊಟ್ಟಿದೀನಿ, ಮೈಸೂರಲ್ಲಿ ಅಣ್ಣನ ಮಹಡೀಲಿ ಇರೋಣ ಅಂತ. ಮದುವೆ ಆದಾಗಿಂದ ಬಾಡಿಗೆ ಮನೆ. ಗೋಡೆಗೊಂದು ಮೊಳೆ ಹೊಡೆಯೋಕೂ ಇನ್ನೊಬ್ಬರನ್ನ ಕೇಳ್ಬೇಕಿತ್ತು. ಯಾಕೆ ತಳ್ಳಿದೆನೋ ಗೊತ್ತಿಲ್ಲ. ಆಮೇಲೆ ನೋಡಿದ್ರೆ ಬಿಸಿಲು ಏರ್ತಿತ್ತು, ಗೋಡೆ ಒಣಗ್ತಿತ್ತು."

"ಈ ಮನುಷ್ಯ ನೇಣಿಗೆ ಹೋಗಿದ್ರೆ?" ಎಂದು ಸುಬ್ಬಲಕ್ಷ್ಮಿ ಬೇಡಿಯ ಕಡೆ ಕೈ ತೋರಿಸಿದಳು.

ಸೀತಾಲಕ್ಷ್ಮಿ ಬೇಡಿಯನ್ನು ಆಗಷ್ಟೇ ಕಂಡವಳಂತೆ ನೋಡಿದಳು. "ಅದು ನೆನಪಿಗೇ ಬರಲಿಲ್ಲ ಕಣೇ," ಎಂದಳು.

ಅಂಜನಮೂರ್ತಿ ಬೇಡಿ ಬಿಚ್ಚಿದ. ಉಮ್ಮೆ ಕುಲ್ಸುಂ ಗಂಡನ ಮಣಿಕಟ್ಟು ಉಜ್ಜುತ್ತ ಅವನನ್ನು ಬಾಗಿಲಿನ ಕಡೆ ನಡೆಸಿದಳು. ಸೀತಾಲಕ್ಷ್ಮಿ ಎದ್ದು ನಿಂತು, ನೆಂಟರನ್ನು ಬೀಳ್ಕೊಡುವ ಮನೆಯೊಡತಿಯಂತೆ ಹೊಸ್ತಿಲವರೆಗೆ ಬಂದಳು.

"ನಿಮ್ಮ ಯಜಮಾನ್ರು ಗೋಡೆ ತುಂಬಾ ಚೆನ್ನಾಗಿ ಮಾಡಿದಾರೆ ಕಣಮ್ಮಾ. ಮಟ್ಟ ಸರಿಯಾಗೇ ಇದೆ," ಎಂದಳು.

ಉಮ್ಮೆ ಕುಲ್ಸುಂ ತಿರುಗಿ ನೋಡಲಿಲ್ಲ.