ಗುಳುಮುಳುಕದ ನಾಲ್ಕು ಮೊಟ್ಟೆ

ಬೆಳಗ್ಗೆ ಬಾಗಿಲು ಬಡಿದವನು ಪಾರ್ಕಿನ ದೋಣಿಯವ. "ಟೀಚರಮ್ಮ, ಕೊಳದ ನಡುವಿನ ಗುಳುಮುಳುಕ ಹಕ್ಕಿ ಗೂಡು ಬರಿದಾಗಿದೆ. ನಾಲ್ಕು ಮೊಟ್ಟೆನೂ ನಾನೇ ಕದ್ದೆ ಅಂತಿದಾರೆ. ನೀವು ಬರದಿದ್ರೆ ನನ್ನ ಕೆಲಸ ಹೋಗುತ್ತೆ."

ನಿವೃತ್ತ ಟೀಚರಮ್ಮ ಕೊಡೆ ಹಿಡಿದು ಹೊರಟರು, ಹಿಂದೆ ತಂಗಿ. ಏನೇ ಕಳೆದರೂ ಜನ ಅಕ್ಕನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಕ್ಕನ ಕನ್ನಡಕ ಹುಡುಕಿಕೊಡುವುದಷ್ಟೇ ತಂಗಿಯ ಪಾಲು. ಇಪ್ಪತ್ತು ವರ್ಷ ಜೊತೆಗಿದ್ದರೂ ಅವಳ ಹೊಟ್ಟೆಕಿಚ್ಚು ಆರಿರಲಿಲ್ಲ.

ದೋಣಿಮನೆಯಲ್ಲಿ ಮೇಲ್ವಿಚಾರಕ, ಹಿರಿಯ ಫೋಟೋಗ್ರಾಫರ್ ಮತ್ತು ಅವರ ಶಿಷ್ಯೆ ಕಾದಿದ್ದರು. ಗೋಡೆಯ ಮೇಲೆ ಶಿಷ್ಯೆಗೆ ಬಹುಮಾನ ತಂದ ಚಿತ್ರವಿತ್ತು: ಗೂಡು ಬಿಡುವ ಮುನ್ನ ಹಕ್ಕಿ ಮೊಟ್ಟೆಗಳ ಮೇಲೆ ಒದ್ದೆ ಪಾಚಿ ಎಳೆಯುತ್ತಿರುವುದು. ಗುರುಗಳು ಅದಕ್ಕೆ ಬೆನ್ನು ಹಾಕಿ, ಕ್ಯಾಮೆರಾ ಚೀಲವನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

"ಆರೂವರೆಗೆ ದಡದಿಂದ ದುರ್ಬೀನಿನಲ್ಲಿ ನೋಡಿದೆ," ಎಂದರು ಅವರು. "ಹಕ್ಕಿ ಮೇವಿಗೆ ಹೋಯ್ತು, ನಾಲ್ಕೂ ಮೊಟ್ಟೆ ಕಾಣ್ತಿದ್ವು. ಏಳಕ್ಕೆ ಇವನು ಆ ಕಡೆ ದೋಣಿ ತಗೊಂಡು ಹೋದ. ಆಮೇಲೆ ಗೂಡು ಖಾಲಿ."

"ಆರೂವರೆಯಿಂದ ಏಳೂವರೆವರೆಗೂ ನಾನು ಗೇಟಲ್ಲಿದ್ದೆ," ಎಂದ ದೋಣಿಯವ.

"ದೋಣಿಯ ಹುಟ್ಟಿಗೆ ಬೀಗ ಹಾಕಿದ್ದೆಯಾ?" ಎಂದು ಟೀಚರಮ್ಮ ಕೇಳಿದರು.

"ಇಲ್ಲಮ್ಮ. ಇಲ್ಲೇ ಮೂಲೇಲಿ ಇರುತ್ತೆ."

ಟೀಚರಮ್ಮ ಫೋಟೋಗ್ರಾಫರ್ ಕಡೆ ತಿರುಗಿದರು. "ಹಕ್ಕಿ ಬೆದರಿ ಮುಳುಗಿತೋ, ತಾನಾಗೇ ಹೋಯ್ತೋ?"

"ತಾನಾಗೇ. ನಿಧಾನಕ್ಕೆ."

"ಹಾಗಾದ್ರೆ ನಿಮಗೆ ಮೊಟ್ಟೆ ಕಾಣೋಕೆ ಸಾಧ್ಯವಿಲ್ಲ," ಎಂದರು ಟೀಚರಮ್ಮ. "ನಿಧಾನಕ್ಕೆ ಹೋಗೋ ಗುಳುಮುಳುಕ ಆ ಚಿತ್ರದಲ್ಲಿರೋ ಹಾಗೆ ಮೊಟ್ಟೆ ಮುಚ್ಚಿಯೇ ಹೋಗುತ್ತೆ. ದಡದಿಂದ ಕಾಣೋದು ಕೊಳೆತ ಪಾಚಿ ಗುಡ್ಡೆ ಮಾತ್ರ. ದೋಣಿ ಮೈಮೇಲೇ ಬಂದಾಗ ಅದಕ್ಕೆ ಮುಚ್ಚೋಕೆ ಪುರುಸೊತ್ತಿರಲ್ಲ. ಮೊಟ್ಟೆ ಎಣಿಸಿದವರು ಆ ದೋಣೀಲೇ ಇದ್ರು. ಹುಟ್ಟು ಯಾರ ಕೈಗಾದ್ರೂ ಸಿಗೋ ಹಾಗಿತ್ತು. ನಾನು ಬಂದಾಗಿನಿಂದ ನೀವು ಆ ಚೀಲ ಕೆಳಗಿಟ್ಟಿಲ್ಲ. ಮೊಟ್ಟೆ ಒಡೆಯೋಕೆ ಮನಸ್ಸು ಬರಲಿಲ್ಲ, ಅಲ್ವಾ?"

ಫೋಟೋಗ್ರಾಫರ್ ಚೀಲ ತೆರೆದರು. ಹತ್ತಿಯ ನಡುವೆ ನಾಲ್ಕು ಮೊಟ್ಟೆಗಳಿದ್ದವು.

"ಮೂವತ್ತು ವರ್ಷ ಈ ದಡದಲ್ಲಿ ಕೂತೆ. ಇವಳಿಗೆ ಮೂರೇ ತಿಂಗಳಿಗೆ ಅಂಥ ಚಿತ್ರ ಸಿಕ್ತು. ಮರಿಗಳ ಚಿತ್ರಾನೂ ಇವಳದೇ ಆಗೋದು ಬೇಡ ಅನ್ನಿಸ್ತು."

ಶಿಷ್ಯೆ ಇನ್ನೂ ಬೆಚ್ಚಗಿದ್ದ ಮೊಟ್ಟೆಗಳನ್ನು ಎತ್ತಿಕೊಂಡು ದೋಣಿ ಹತ್ತಿದಳು. ಮೇಲ್ವಿಚಾರಕ ದೋಣಿಯವನ ಕೈಗೆ ತಾನೇ ಹುಟ್ಟು ಕೊಟ್ಟ. ಅರ್ಧ ಗಂಟೆಯಲ್ಲಿ ಹಕ್ಕಿ ಗೂಡಿಗೆ ಮರಳಿ ಕಾವಿಗೆ ಕೂತಿತು.

ದಾರಿಯಲ್ಲಿ ತಂಗಿ ಕೇಳಿದಳು: "ಅವರು ಹೇಳೋ ಮೊದಲೇ ಹೊಟ್ಟೆಕಿಚ್ಚು ಅಂತ ನಿನಗೆ ಗೊತ್ತಾಗಿತ್ತಾ ಅಕ್ಕ?"

"ಆ ಫೋಟೋಗೆ ಬೆನ್ನು ಹಾಕಿ ಕೂತಿದ್ರಲ್ಲ. ಅಪ್ಪ ನಿನ್ನ ಕೈಲಿ ಹಾಡಿಸ್ದಾಗೆಲ್ಲ ನಾನೂ ಹಾಗೇ ಕೂರ್ತಿದ್ದೆ."

ತಂಗಿ ರಸ್ತೆಯ ನಡುವೆಯೇ ನಿಂತುಬಿಟ್ಟಳು. ಅಕ್ಕ ತಿರುಗಿ ನೋಡದೆ ನಡೆದರು.