ಮಾಣಿಕಗಿರಿಯಲ್ಲಿ ‘ಇಲ್ಲ’ ಇಲ್ಲವಾದದ್ದು

ಬಹಳ ಹಿಂದೆ, ಕಡಲಂಚಿನ ಮಾಣಿಕಗಿರಿ ಎಂಬ ರಾಜ್ಯದಲ್ಲಿ, ಧೂಮಕೇಶಿ ಎಂಬ ಮಾಂತ್ರಿಕ ರಾಜನನ್ನು ಕೊಂದು ಸಿಂಹಾಸನ ಏರಿದ್ದ. ಅವನ ಮಾಟ ಪ್ರಜೆಗಳ ಮಾತಿನ ಕೊನೆಯಲ್ಲಿ ಹೊಂಚಿ ಕೂತು ಇಲ್ಲ, ಅಲ್ಲ, ಬೇಡಗಳನ್ನು ನುಂಗುತ್ತಿತ್ತು. ‘ಬರುವುದಿಲ್ಲ’ ಎಂದವರ ಬಾಯಿಂದ ‘ಬರುವೆ’ ಎಂದೇ ಹೊರಬೀಳುತ್ತಿತ್ತು. ಹಾಗೆ ಒಪ್ಪಿಸಿಯೇ ಅವನು ಜನರನ್ನು ಕೋಟೆಯ ಕಲ್ಲು ಹೊರಲು ಎಳೆದೊಯ್ಯುತ್ತಿದ್ದ.

ಬುಟ್ಟಿ ಹೆಣೆಯುವ ಸಿರಿಯಾಳೆಯ ತಾಯಿ ಕಾಳವ್ವನನ್ನೂ ಒಯ್ದರು. ಮಂಡಿ ಊದಿದ ಮುದುಕಿ. ಮಗಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ದಡದಲ್ಲಿ ಇನೆಸ್ ಎಂಬವಳಿದ್ದಳು. ಸ್ಪೇನ್ ದೇಶದ ಹಡಗು ಒಡೆದು ಇಲ್ಲಿ ಸೇರಿ, ಹತ್ತು ವರ್ಷದಿಂದ ಬಲೆ ಹೊಲಿದು ಬದುಕುತ್ತಿದ್ದವಳು. ಕರೆಯಲು ಬಂದ ಭಟರನ್ನು ಅವಳು ತನ್ನ ನುಡಿಯಲ್ಲೇ ನಿರಾಕರಿಸಿ ಅಟ್ಟಿದ್ದನ್ನು ಕಂಡ ಸಿರಿಯಾಳೆ, ತನಗೂ ಕಲಿಸೆಂದಳು.

“ಮೊದಲು ‘ನೋ’, ಆಮೇಲೆ ಕ್ರಿಯಾಪದ. ಕೊನೆಗಿಟ್ಟರೆ ಮಾಟ ನುಂಗುತ್ತದೆ,” ಎಂದಳು ಇನೆಸ್. ದೊಯ್ ಎಂದರೆ ಕೊಡುತ್ತೇನೆ, ಸೊಯ್ ಎಂದರೆ ಆಗಿದ್ದೇನೆ, ಕಿಯೆರೊ ಎಂದರೆ ಬೇಕು. ಮೂರಕ್ಕೂ ಅದೊಂದೇ ‘ನೋ’ ಸಾಕು. ಕೋಟೆಯೊಳಗೆ ಮೂರು ನಿರಾಕರಣೆ ನುಡಿದರೆ ಮಾಂತ್ರಿಕ ಸಾಯುತ್ತಾನೆಂದೂ ತಿಳಿಸಿದಳು.

ಸಿರಿಯಾಳೆ ಕೋಟೆಗೆ ಹೊರಟಳು. ಮೊದಲ ಬಾಗಿಲಲ್ಲಿ ಕಲ್ಲಿನ ಹುಲಿ. ಎಲ್ಲ ಭಾಷೆ ಬಲ್ಲ ಹುಲಿ ಅದು. ಕೈ ಕೊಡುವೆಯಾ ಎಂದು ಕೇಳಿತು. ಸಿರಿಯಾಳೆ ಹಳೆಯ ರೂಢಿಯಂತೆ “ದೊಯ್ ನೋ” ಎಂದುಬಿಟ್ಟಳು. ಮಾಟ ‘ನೋ’ವನ್ನು ನುಂಗಿತು, ಹುಲಿ ಕಿರುಬೆರಳು ಕಚ್ಚಿ ಕಿತ್ತಿತು. ನೋವಿಗಿಂತ ತನ್ನ ತಪ್ಪಿಗೇ ಅವಳಿಗೆ ಸಿಟ್ಟು ನೆತ್ತಿಗೇರಿತು. “ನೋ ದೊಯ್!” ಎಂದಳು. ಹುಲಿ ಪುಡಿಯಾಯಿತು.

ಎರಡನೆಯ ಬಾಗಿಲಲ್ಲಿ ಬೆಂಕಿಯ ಹಾವು, ನೀನು ಧೂಮಕೇಶಿಯ ದಾಸಿಯಲ್ಲವೇ ಎಂದಿತು. “ನೋ ಸೊಯ್.” ಹಾವು ಬೂದಿಯಾಯಿತು.

ಸಿಂಹಾಸನದಲ್ಲಿ ಧೂಮಕೇಶಿ ಆಗಲೇ ನಡುಗುತ್ತಿದ್ದ. ಅರ್ಧ ರಾಜ್ಯ ಬೇಕೇ, ತಾಯಿಯನ್ನು ಮಾತ್ರ ಬಿಟ್ಟರೆ ಸಾಕೇ ಎಂದು ಆಸೆ ತೋರಿಸಿದ. ತಾಯಿ ಎಂದೊಡನೆ ಸಿರಿಯಾಳೆ ಕಿಟಕಿಯತ್ತ ನೋಡಿದಳು. ಕಿಟಕಿಯಾಚೆ ನೂರಾರು ಜನ ಕಲ್ಲು ಹೊತ್ತು ಬಾಗಿದ್ದರು.

“ನೋ ಕಿಯೆರೊ,” ಎಂದಳು, ಅವನ ಕಣ್ಣಲ್ಲಿ ಕಣ್ಣಿಟ್ಟು.

ಅವನು ಹೊಗೆಯಾಗಿ ಹರಿದುಹೋದ. ಅಂಗಳದಲ್ಲಿ ಕಲ್ಲುಗಳು ದಬದಬನೆ ನೆಲಕ್ಕೆ ಬಿದ್ದವು. “ಹೊರುವುದಿಲ್ಲ! ಹೊರುವುದಿಲ್ಲ!” ಎಂದು ಜನ ಗಂಟಲು ಬಿರಿಯುವಂತೆ ಕೂಗಿದರು.

ಸಿರಿಯಾಳೆ ತಾಯಿಯ ಕೈ ಹಿಡಿದು, ಏಳವ್ವ, ಮನೆಗೆ ನಡೆಯೋಣ ಎಂದಳು.

“ನಾನು ನಡೆಯುವುದಿಲ್ಲ,” ಎಂದಳು ಕಾಳವ್ವ, ಊದಿದ ಕಾಲು ಚಾಚಿ.

ಮಗಳು ಅವಳನ್ನು ಬೆನ್ನ ಮೇಲೆ ಹೊತ್ತಳು. ಮಾಣಿಕಗಿರಿಯವರು ಅಂದಿನಿಂದ ಸುಖವಾಗಿ ಬಾಳಿದರು.