ದಡದಲ್ಲಿ ಉಳಿಯಬೇಕಾದವರು

"ನನ್ನ ಮಗಳಿಗೂ ಇದೇ ಲೋಷನ್ ಹಚ್ಚಬಹುದಾ ಅಕ್ಕಾ?"

ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದ ಹೆಂಗಸು ಕೇಳಿದ್ದು ಅಷ್ಟೇ. ಅವಳ ಹಣೆಯ ಮೇಲೆ ಆಡುತ್ತಿದ್ದ ಬೆರಳುಗಳು ಒಂದು ಗಳಿಗೆ ನಿಂತವು. ಮಕ್ಕಳದ್ದು ಬೇರೆ ಸಿಗುತ್ತದೆ, ಅದನ್ನೇ ಹಚ್ಚಿ ಎಂದು ಪಾರ್ಲರಿನವಳು ಹೇಳಿದಳು. ಒಂಬತ್ತು ತಿಂಗಳು ಹೊತ್ತವಳು ನಾನು, ಯಾವ ಬಾಯಲ್ಲಿ ನಿನ್ನ ಮಗಳು ಅನ್ನುತ್ತೀ ಎಂದು ಕೇಳುವ ಹಾಗಿರಲಿಲ್ಲ. ಮುಖದ ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡು, ಹತ್ತಿಯನ್ನು ನೀರಲ್ಲಿ ಅದ್ದಿ ಹಿಂಡಿದಳು.

ವಿಚ್ಛೇದನದಲ್ಲಿ ಮಗು ಅಪ್ಪನ ಪಾಲಾಗಿತ್ತು. ಅವನಿಗೆ ಸ್ವಂತ ಮನೆಯಿತ್ತು, ಒಳ್ಳೆಯ ನೌಕರಿಯಿತ್ತು. ಅವಳಿಗೆ ಇದ್ದದ್ದು ಬಾಡಿಗೆಯ ಒಂದು ರೂಮು, ಮತ್ತು ಬಾಣಂತನದ ನಂತರ ಮನಸ್ಸು ಕುಸಿದಾಗ ತಿಂದ ಮಾತ್ರೆಗಳು. ಅವನ ವಕೀಲರು ಆ ಮಾತ್ರೆಗಳ ವಿಷಯವನ್ನೇ ಹಿಡಿದು ಎಳೆದಾಡಿದರು. ತಿಂಗಳಿಗೊಮ್ಮೆ ಮಗಳನ್ನು ನೋಡಬಹುದು ಎಂದು ಕೋರ್ಟು ಹೇಳಿತ್ತು. ಒಂದು ತಿಂಗಳು ಮಗುವಿಗೆ ಜ್ವರ, ಮುಂದಿನ ತಿಂಗಳು ಪರೀಕ್ಷೆ, ಆಮೇಲೆ ನೆಂಟರು. ಕೊನೆಕೊನೆಗೆ ಅವನು ಫೋನು ಎತ್ತುವುದನ್ನೇ ಬಿಟ್ಟ.

ಆಗ ಅವಳು ಹಳೆಯ ಕೆಲಸ ಬಿಟ್ಟು ಅವನ ಅಪಾರ್ಟ್‌ಮೆಂಟಿನ ಎದುರಿಗೇ, ಔಷಧಿ ಅಂಗಡಿಯ ಮೇಲಿದ್ದ ಈ ಪಾರ್ಲರಿಗೆ ಸೇರಿಕೊಂಡಳು. ಸಂಬಳ ಕಡಿಮೆ. ಆದರೆ ಹಬೆ ಯಂತ್ರದ ಪಕ್ಕದ ಕಿಟಕಿಯಿಂದ ಶಾಲೆಯ ವ್ಯಾನು ಕಾಣುತ್ತಿತ್ತು. ಮಗಳು ಇಳಿಯುವುದು, ನೀರಿನ ಬಾಟಲಿಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ಗೇಟಿನೊಳಗೆ ಓಡುವುದು, ಇಷ್ಟೇ. ಅವಳ ಪಾಲಿನ ಮಗಳು ಅಷ್ಟೇ ಉದ್ದ, ವ್ಯಾನಿನಿಂದ ಗೇಟಿನವರೆಗೆ.

ಅವನ ಎರಡನೆಯ ಹೆಂಡತಿಯನ್ನು ಅವಳು ಮನಸ್ಸಿನಲ್ಲಿ ಕರೆಯುತ್ತಿದ್ದದ್ದು ಹೊಸಬಳು ಎಂದು. ಹೊಸಬಳು ತಾನಾಗಿಯೇ ಒಂದು ದಿನ ಮೆಟ್ಟಿಲು ಹತ್ತಿ ಬಂದಾಗ, ದೇವರು ಕೊಟ್ಟರೆ ಹೀಗೂ ಕೊಡುತ್ತಾನೆಯೇ ಎಂದು ಅವಳಿಗೆ ಅನಿಸಿತು. ಹೊಸಬಳಿಗೆ ಅವಳ ಗುರುತಿರಲಿಲ್ಲ. ಮೊದಲನೆಯವಳು ಯಾವುದೋ ದೂರದ ಊರಿಗೆ ಹೋಗಿದ್ದಾಳೆಂದು ಗಂಡ ನಂಬಿಸಿದ್ದ. ಮನೆಯಲ್ಲಿ ಒಂದು ಫೋಟೋವನ್ನೂ ಉಳಿಸಿರಲಿಲ್ಲ.

ಹೊಸಬಳು ಬಂದದ್ದು ಹಡಗಿನ ಪ್ರವಾಸಕ್ಕೆ ಮೈಯನ್ನು ಸಿದ್ಧಮಾಡಿಕೊಳ್ಳಲು. ಸುಡುಬಿಸಿಲಿನ ಸಮುದ್ರ, ಡೆಕ್ಕಿನ ಮೇಲೆ ಈಜುಕೊಳ. ತನ್ನದು ತೀರಾ ನಾಜೂಕು ಚರ್ಮ ಎಂಬ ಹೆದರಿಕೆ ಬೇರೆ. ಮೊದಲ ದಿನವೇ ಪಾರ್ಲರಿನವಳು ಹೊಸಬಳ ಮೊಣಕೈಯ ಒಳಭಾಗದಲ್ಲಿ ಒಂದೊಂದೇ ಕ್ರೀಮು, ಒಂದೊಂದೇ ಎಣ್ಣೆ ಹಚ್ಚಿ ನೋಡಿದ್ದಳು. ಒಂದು ಜಾತಿಯ ಹೂವಿನ ಎಣ್ಣೆ ಸೋಕಿದಲ್ಲಿ ಮರುದಿನ ಕೆಂಪು ದದ್ದುಗಳೆದ್ದಿದ್ದವು. ಇದನ್ನು ಜನ್ಮದಲ್ಲಿ ಮುಟ್ಟಬೇಡಿ ಎಂದು ಹೇಳಿ, ಆ ಸೀಸೆಯನ್ನು ಅವಳು ಕಪಾಟಿನ ಹಿಂದಕ್ಕೆ ತಳ್ಳಿದ್ದಳು. ಆಗ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಮುಂದಿನ ದಿನಗಳಲ್ಲಿ ಕೆಲಸ ಕ್ರಮವಾಗಿ ನಡೆಯಿತು. ಸತ್ತ ಚರ್ಮ ಉಜ್ಜಿ ತೆಗೆಯುವುದು, ಒಡೆದ ಹಿಮ್ಮಡಿಗೆ ಮುಲಾಮು, ತುಟಿಗೆ ಜಿಡ್ಡು. ಬಿಸಿಲಿಗೆ ಹೋಗುವ ಮುಂಚೆ ಮುಖಕ್ಕೆ ಯಾವ ಹೊಸ ವಸ್ತುವನ್ನೂ ಹಚ್ಚಬಾರದು ಎಂಬ ಪಾಠ. ಹೊಸಬಳು ಹರಟೆಮಲ್ಲಿ. ಮಗಳು ಹಾಲು ಕುಡಿಯಲು ಮಾಡುವ ಹಟ, ಚಿತ್ರ ಬರೆದರೆ ಸೂರ್ಯನಿಗೆ ಕಿವಿ ಇಡುವುದು, ಎಲ್ಲವನ್ನೂ ಹೇಳುವಳು. ಪಾರ್ಲರಿನವಳು ಕಿವಿಯಲ್ಲೇ ಉಂಡಳು. ಒಂದೊಂದು ಮಾತೂ ತುತ್ತು, ಒಂದೊಂದು ತುತ್ತೂ ಮುಳ್ಳು.

ಪ್ರಯಾಣ ಹತ್ತಿರ ಬಂದಾಗ ಹೊಸಬಳು ಅವಳನ್ನು ಮನೆಗೇ ಕರೆದಳು. ವ್ಯಾಕ್ಸಿಂಗ್ ಮನೆಯಲ್ಲೇ ಮಾಡಿ, ಹಾಗೆಯೇ ಸೂಟ್‌ಕೇಸ್ ತುಂಬುವುದಕ್ಕೂ ಕೈ ಹಾಕಿ ಎಂದು. ಮಗಳು ಶಾಲೆಯಲ್ಲಿರುವ ಹೊತ್ತು, ಅವನು ಆಫೀಸಿನಲ್ಲಿರುವ ಹೊತ್ತು. ತಾನು ಸೊಸೆಯಾಗಿ ಬಂದಿದ್ದ ಮನೆಯಲ್ಲ ಅದು. ಆದರೂ ಹೊಸ್ತಿಲು ದಾಟುವಾಗ ಅವಳ ಕಾಲು ಭಾರವಾಯಿತು. ಬಟ್ಟೆಗಳನ್ನು ಮಡಿಸುವ ಬದಲು ಸುರುಳಿ ಸುತ್ತುವುದು, ಲೋಷನ್ ಬಾಟಲಿಗಳ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ತುಂಡಿಟ್ಟು ಬಿಗಿ ಮಾಡುವುದು, ದೊಡ್ಡ ಪೆಟ್ಟಿಗೆಗಳು ಹಡಗಿನ ಕೋಣೆಗೆ ತಲುಪುವುದು ತಡವಾದೀತೆಂದು ಈಜುಡುಗೆಯನ್ನು ಕೈಚೀಲದಲ್ಲೇ ಇಡುವುದು, ಎಲ್ಲವನ್ನೂ ಅವಳು ತೋರಿಸಿಕೊಟ್ಟಳು. ಆಮೇಲೆ ಮಗಳ ಪುಟ್ಟ ಸೂಟ್‌ಕೇಸನ್ನು ತೆರೆದಳು.

ಮೇಲೆ ಹತ್ತಿಯ ಫ್ರಾಕುಗಳು, ಅಗಲ ಅಂಚಿನ ಟೋಪಿ. ಅಡಿಯಲ್ಲಿ ಉಣ್ಣೆಯ ಸ್ವೆಟರುಗಳು. ಬಿಸಿಲಿನ ನಾಡಿಗೆ ಹೋಗುವವರಿಗೆ ಉಣ್ಣೆ ಯಾಕೆ? ಒಂದನ್ನು ಬಿಡಿಸಿ ಹಿಡಿದಳು. ತೋಳು ಉದ್ದ, ಮೈ ಅಗಲ. ಮಗಳು ಇನ್ನೂ ಒಂದೆರಡು ವರ್ಷ ಬೆಳೆದ ಮೇಲೆ ಸರಿಹೋಗುವ ಅಳತೆ.

ಹೊಸಬಳು ಅವಳ ಮುಖ ನೋಡಿದಳು, ಆಮೇಲೆ ಬಾಗಿಲ ಕಡೆ ನೋಡಿದಳು. "ಯಾರಿಗೂ ಹೇಳಬೇಡಿ ಅಕ್ಕಾ. ಹಡಗು ಕೊನೆಗೆ ಮುಟ್ಟೋ ಊರಿಂದ ನಮ್ಮನೆಯವರು ನಮ್ಮನ್ನ ಕರ್ಕೊಂಡು ಚಳಿ ದೇಶಕ್ಕೆ ಹೋಗ್ತಾರೆ. ಅಲ್ಲಿ ಕೆಲಸ ಸಿಕ್ಕಿದೆ. ವಾಪಸ್ ಬರೋ ಯೋಚನೆ ಇಲ್ಲ ಅವರಿಗೆ."

ಪಾರ್ಲರಿನವಳು ಸ್ವೆಟರನ್ನು ಮತ್ತೆ ಮಡಿಸಿ ಒಳಗಿಟ್ಟಳು. ಪಾರ್ಲರಿಗೆ ಮರಳಿ, ಕೈತೊಳೆಯುವ ನಲ್ಲಿಯನ್ನು ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು.

ಅವಳು ಹೋಗಿ ಕಂಡ ವಕೀಲೆ ಸುಳ್ಳು ಭರವಸೆ ಕೊಡಲಿಲ್ಲ. ಮಗುವನ್ನು ದೇಶ ಬಿಟ್ಟು ಕರೆದುಕೊಂಡು ಹೋಗದಂತೆ ತಡೆಯಾಜ್ಞೆ ತರಬಹುದು. ಆದರೆ ಅರ್ಜಿ ನ್ಯಾಯಾಧೀಶರ ಮೇಜಿಗೆ ಹೋಗುವಷ್ಟರಲ್ಲಿ ಹಡಗು ಸಮುದ್ರದ ನಡುವೆ ಇರುತ್ತದೆ ಎಂದಳು. "ಒಂದು ವಾರ ಸಿಕ್ಕಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದಳು.

ಒಂದು ವಾರ. ಅವಳ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯಲಿಲ್ಲ. ಶಾಲೆಯಿಂದಲೇ ಮಗಳನ್ನು ಎತ್ತಿಕೊಂಡು ಹೋದರೆ? ಗೇಟಿನಲ್ಲಿ ಅವಳ ಫೋಟೋ ಕೊಟ್ಟಿಟ್ಟಿದ್ದಾನೆ. ಸಿಕ್ಕಿಬಿದ್ದರೆ ತಿಂಗಳಿಗೊಂದು ಭೇಟಿಯ ಹಕ್ಕೂ ಹೋಗುತ್ತದೆ. ಪಾಸ್‌ಪೋರ್ಟು ಕದ್ದರೆ? ಅವು ಅವನ ಆಫೀಸಿನ ಬೀರುವಿನಲ್ಲಿವೆ. ಅವನೆದುರು ನಿಂತು ಕಾಲು ಹಿಡಿದರೆ? ಹಿಡಿದು ನೋಡಿಯಾಗಿತ್ತು.

ದಾರಿ ತೋರಿಸಿದ್ದು ಇನ್ನೊಬ್ಬ ಗಿರಾಕಿ. ಅವಳು ಹಿಂದೆ ಪ್ರವಾಸಿ ಹಡಗುಗಳಲ್ಲಿ ನರ್ಸ್ ಆಗಿದ್ದವಳು. ಕಾಲನ್ನು ಬಿಸಿನೀರಿನ ಟಬ್ಬಿನಲ್ಲಿ ಇಳಿಬಿಟ್ಟುಕೊಂಡು ಹಳೆಯ ಕತೆಗಳನ್ನು ಬಿಚ್ಚುವಳು. ಅವಳು ಕೆಲಸ ಮಾಡಿದ್ದು ಹೊಸಬಳು ಹೋಗಲಿದ್ದ ಹಡಗಿನ ಕಂಪನಿಯಲ್ಲೇ. ಹಡಗು ಹತ್ತುವಾಗ ಮೈಮೇಲೆ ದದ್ದು ಕಂಡರೆ ಸಾಕು, ಅಂಟುರೋಗವೋ ಏನೋ ಎಂದು ಡಾಕ್ಟರು ಹಿಂದೆಮುಂದೆ ನೋಡುವುದಿಲ್ಲವಂತೆ. "ಒಬ್ರಿಗೆ ಬಂದ್ರೂ ಆ ಕೋಣೆಯವರೆಲ್ಲ ದಡದಲ್ಲೇ. ಗಂಡ, ಹೆಂಡ್ತಿ, ಮಕ್ಕಳು, ಯಾರನ್ನೂ ಬಿಡಲ್ಲ. ಎಷ್ಟು ಅತ್ತರೂ ಅಷ್ಟೇ."

ಆ ಮಧ್ಯಾಹ್ನ ಅವಳು ಕಪಾಟಿನ ಹಿಂದಿನಿಂದ ಆ ಸೀಸೆಯನ್ನು ಮುಂದಕ್ಕೆ ತಂದಿಟ್ಟಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದದ್ದು ನಾಲ್ಕಾರು ದಿನದಲ್ಲಿ ಇಳಿಯುತ್ತದೆ, ಕಲೆ ಉಳಿಯುವುದಿಲ್ಲ. ಮೊಣಕೈಯ ಮೇಲೆ ಅವಳೇ ನೋಡಿದ್ದಳು. ಮುಂದಿನ ಹಡಗು ಒಂದು ತಿಂಗಳಾದ ಮೇಲೆ. ಅಷ್ಟರಲ್ಲಿ ತಡೆಯಾಜ್ಞೆ ಕೈಗೆ ಬರುತ್ತದೆ. ಉಳಿದದ್ದು ಅನುಮಾನದ ಮಾತು. ಅದಕ್ಕೂ ಅವಳು ದಾರಿ ಕಂಡುಕೊಂಡಳು. ಹೆಸರಾಂತ ಒಂದು ಸನ್‌ಸ್ಕ್ರೀನನ್ನು ಹೊಸಬಳ ಕೈಯಲ್ಲಿ ಕೊಳ್ಳಿಸಿ, ಹೊರಡುವ ದಿನ ಬೆಳಿಗ್ಗೆಯೇ ಮೊದಲ ಸಲ ಹಚ್ಚಿಕೊಳ್ಳಿ ಎಂದಳು. ತಾನೇ ಕೊಟ್ಟ ಪಾಠವನ್ನು ತಾನೇ ಮುರಿದಳು. ನಾಳೆ ಯಾರಾದರೂ ತಪ್ಪು ಹುಡುಕಿದರೆ ಅದನ್ನು ಹೊರಲು ಒಂದು ಬಾಟಲಿ ಸಿದ್ಧವಾಗಿತ್ತು.

ಕಷ್ಟವಾದದ್ದು ಒಂದೇ. ಹೊಸಬಳು ಕೆಟ್ಟವಳಾಗಿರಲಿಲ್ಲ. ಹೊರಡುವ ಹಿಂದಿನ ದಿನ ಪಾರ್ಲರಿಗೆ ಬರುವಾಗ ಅವಳಿಗೆಂದು ಒಂದು ಜೊತೆ ಮೆತ್ತನೆಯ ಚಪ್ಪಲಿ ತಂದಿದ್ದಳು, ದಿನವಿಡೀ ನಿಂತೇ ಕೆಲಸ ಮಾಡ್ತೀರಲ್ಲ ಎಂದು. ಅವಳು ಅದನ್ನು ತೆಗೆದುಕೊಂಡು ಕುರ್ಚಿಯ ಕೆಳಗಿಟ್ಟಳು. ಮುಖದ ಲೇಪದಲ್ಲಿ ಆ ಸೀಸೆಯ ಎಣ್ಣೆಯನ್ನು ಬೆರೆಸಿದಳು. ವಾಸನೆ ಮುಚ್ಚುವಷ್ಟು ಪನ್ನೀರು ಹಾಕಿದಳು. ಕೆನ್ನೆ, ಗಲ್ಲ, ಕುತ್ತಿಗೆ. ಕಣ್ಣಿನ ಸುತ್ತ ಮಾತ್ರ ಬಿಟ್ಟಳು. ಅಷ್ಟು ಕರುಣೆ ಇನ್ನೂ ಉಳಿದಿತ್ತು.

"ಹುಷಾರಾಗಿ ಹೋಗಿಬನ್ನಿ" ಎಂದಳು.

"ಬರ್ತೀನಿ ಅಕ್ಕಾ" ಎಂದಳು ಹೊಸಬಳು. ಯಾಕೋ ಅವಳ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದಳು.

ಹಡಗು ಹೊರಡುವ ದಿನ ಅವಳು ಯಾವ ಗಿರಾಕಿಯನ್ನೂ ಒಪ್ಪಿಕೊಳ್ಳಲಿಲ್ಲ. ಹಬೆ ಯಂತ್ರವನ್ನು ಬಿಚ್ಚಿ ಒರೆಸುವ ನೆಪದಲ್ಲಿ ಕಿಟಕಿಯ ಬಳಿಯೇ ನಿಂತಳು. ಬೆಳಿಗ್ಗೆ ಅವರ ಟ್ಯಾಕ್ಸಿ ಹೋದದ್ದನ್ನು ನೋಡಿದ್ದಳು. ಹೊಸಬಳು ತಲೆಯ ಮೇಲಿನಿಂದ ಶಾಲು ಇಳಿಬಿಟ್ಟುಕೊಂಡಿದ್ದಳು. ಮಗಳು ಆ ಅಗಲ ಟೋಪಿ ಹಾಕಿಕೊಂಡು ಹಿಂದಿನ ಗಾಜಿಗೆ ಮೂಗೊತ್ತಿ ಕೂತಿದ್ದಳು. ಅಳುವವಳ ಹಾಗೆ ಕಾಣಲಿಲ್ಲ. ಸಂಜೆಯೊಳಗೆ ವಾಪಸು ಬರುತ್ತೀ ಕಂದಾ, ಎಂದು ಅವಳು ಮನಸ್ಸಿನಲ್ಲೇ ಹೇಳಿದಳು. ಒಂದು ದಿನದ ನಿರಾಸೆ, ಅಷ್ಟೇ. ಆಮೇಲೆ ಜೀವಮಾನವಿಡೀ ನಾನು ಸಮುದ್ರ ತೋರಿಸುತ್ತೇನೆ.

ಬಿಸಿಲು ಇಳಿಯುವ ಹೊತ್ತಿಗೆ ಟ್ಯಾಕ್ಸಿ ಬಂದು ಗೇಟಿನ ಮುಂದೆ ನಿಂತಿತು. ಅವಳಿಗೆ ಉಸಿರು ಬಂತು. ಹೊಸಬಳು ಇಳಿದಳು, ಮುಖಕ್ಕೆ ಅದೇ ಶಾಲು. ಡ್ರೈವರು ಒಂದು ಸೂಟ್‌ಕೇಸನ್ನು ತೆಗೆದು ನೆಲಕ್ಕಿಟ್ಟು ಡಿಕ್ಕಿಯನ್ನು ಮುಚ್ಚಿದ. ಕಿಟಕಿಯಲ್ಲಿದ್ದವಳು ಟ್ಯಾಕ್ಸಿಯ ಆಚೆ ಬದಿಯ ಬಾಗಿಲನ್ನೇ ನೋಡುತ್ತ ನಿಂತಳು. ಅದು ತೆರೆಯಲಿಲ್ಲ. ಟ್ಯಾಕ್ಸಿ ಹೊರಟುಹೋಯಿತು.

ಹೊಸಬಳು ಮನೆಗೆ ಹೋಗಲಿಲ್ಲ. ಸೂಟ್‌ಕೇಸನ್ನು ಎಳೆದುಕೊಂಡು ರಸ್ತೆ ದಾಟಿ, ಮೆಟ್ಟಿಲು ಹತ್ತಿ, ನೇರ ಪಾರ್ಲರಿಗೇ ಬಂದಳು. ಶಾಲು ತೆಗೆದಾಗ ಮುಖ ಬಾತುಕೊಂಡು ಕೆಂಪಡರಿತ್ತು. ಪಾರ್ಲರಿನವಳು ತಣ್ಣೀರಿನ ಬಟ್ಟೆ ತಂದು ಕೆನ್ನೆಗೆ ಒತ್ತಿದಳು. ಆ ಸನ್‌ಸ್ಕ್ರೀನು ಒಗ್ಗಲಿಲ್ಲ ಅಂತ ಕಾಣುತ್ತೆ, ನಿಮ್ಮ ತಪ್ಪೇನಿಲ್ಲ ಬಿಡಿ ಎಂದು ಹೊಸಬಳೇ ಸಮಾಧಾನ ಹೇಳಿದಳು. ಯೋಜನೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಅವರಿಬ್ರು?"

"ಹೋದ್ರು."

ಆಮೇಲೆ ಅಳು ಬಂತು, ಅಳುವಿನ ಜೊತೆಗೆ ಮಾತು. ಗಂಡ ಮಗುವನ್ನು ಹೊರದೇಶಕ್ಕೆ ಹೊತ್ತೊಯ್ಯುವುದು ಹೊಸಬಳಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. ಎದುರು ಹೇಳಿದರೆ ತನ್ನನ್ನು ಬಿಟ್ಟೇ ಹೋಗುತ್ತಾನೆಂದು ಒಪ್ಪಿಕೊಂಡ ಹಾಗೆ ನಟಿಸಿದ್ದಳು. ಹಡಗು ನಡುವೆ ಒಂದು ಬಂದರಿನಲ್ಲಿ ಇಡೀ ದಿನ ನಿಲ್ಲುತ್ತದೆ. ಅಲ್ಲಿ ಹೊಸಬಳ ಅಣ್ಣನ ಮನೆಯಿದೆ. "ಪೇಟೆ ತೋರಿಸ್ತೀನಿ ಅಂತ ಮಗಳನ್ನ ಇಳಿಸಿಕೊಂಡು, ಅಣ್ಣನ ಜೊತೆ ವಾಪಸ್ ಬಂದುಬಿಡೋಣ ಅಂತಿದ್ದೆ. ಮಗು ನಿದ್ದೇಲಿ ಅವಳಮ್ಮನ್ನೇ ಕರೆಯುತ್ತೆ ಅಕ್ಕಾ. ಆಕೆ ಎಲ್ಲಿದ್ದರೂ ಹುಡುಕಿ ಒಪ್ಪಿಸಬೇಕು ಅಂತಿದ್ದೆ. ಇನ್ನು ಅವಳಿಗೆ ಯಾರು ಇದ್ದಾರೆ ಅಲ್ಲಿ?"

ಒದ್ದೆ ಬಟ್ಟೆ ಪಾರ್ಲರಿನವಳ ಕೈಯಿಂದ ಜಾರಿತು. ಯಾರ ಕಿವಿಗೆ ಬೀಳುತ್ತದೆ ಎಂಬ ಪರಿವೆಯೂ ಇಲ್ಲದೆ ಅವಳು ಕೇಳಿಬಿಟ್ಟಳು. "ಆದ್ರೆ ಒಂದೇ ಕೋಣೆಯವರನ್ನ ಬಿಡೋದಿಲ್ವಲ್ಲ? ಎಲ್ರನ್ನೂ ದಡದಲ್ಲೇ ನಿಲ್ಲಿಸ್ತಾರಲ್ಲ?" ಹೊಸಬಳು ಮೂಗೊರೆಸಿಕೊಂಡು ತಲೆಯಾಡಿಸಿದಳು. "ಹೌದಂತೆ, ಡಾಕ್ಟರೂ ಅದನ್ನೇ ಕೇಳಿದ್ರು. ನನ್ನದು ಬೇರೆ ಕೋಣೆ ಅಕ್ಕಾ. ಅವರ ಗೊರಕೆಗೆ ನನಗೆ ನಿದ್ದೆ ಹತ್ತಲ್ಲ, ಮದುವೆಯಾದಾಗಿಂದ ಬೇರೇನೇ ಮಲಗ್ತೀನಿ. ಅಪ್ಪ ಮಗಳದು ಒಂದು ಕೋಣೆ, ನನ್ನದೊಂದು." ಪಾರ್ಲರಿನವಳು ಬಿದ್ದ ಬಟ್ಟೆಯನ್ನು ಎತ್ತಿ ಹಿಂಡಿದಳು. ಅವನ ಜೊತೆ ಬಾಳಿದ ಅಷ್ಟೂ ವರ್ಷ, ಅದೇ ಗೊರಕೆಗೆ ಸೋತು, ಒಂದು ದಿನವೂ ತಪ್ಪದೆ ದಿಂಬು ಎತ್ತಿಕೊಂಡು ಹಜಾರಕ್ಕೆ ಬಂದು ಮಲಗುತ್ತಿದ್ದವಳು ಅವಳೇ.